ಎತ್ತಿ ನಿಲ್ಲಿಸುವಷ್ಟು

ಅರವತ್ತೊಂದಕ್ಕೆ ಬಿದ್ದ ವಾರ
ಟೋಲ್ಮಿನ್ ಪೇಟೆಯ ಅಂಗಡಿಗೆ ಹೋಗಿ
ಒಂದು ಮೋಟಾರ್‌ಸೈಕಲ್ ಬೇಕು ಎಂದೆ.
ಹುಡುಗ ನನ್ನ ಬೆನ್ನ ಹಿಂದೆ ಇಣುಕಿದ,
ಮಗನೋ ಮೊಮ್ಮಗನೋ ಬಂದಿರಬೇಕೆಂದು.
ಯಾರೂ ಇರಲಿಲ್ಲ. ಬಾಗಿಲಾಚೆ ನದಿಯಿತ್ತು,
ತನ್ನ ಎಂದಿನ ಹಸಿರಿನಲ್ಲಿ.

ಟಿಲೆನ್ ಅಂತ ಅಂಗಿಯ ಮೇಲೆ ಬರೆದಿತ್ತು.
ಅವನಜ್ಜಿಯ ಪಿಂಚಣಿ ಹಣ ತಲುಪಿಸುತ್ತಿದ್ದ ಅಂಚೆಯವಳು
ಮಿಲೋಯ್ಕಾ ನಾನೇ.
ಹೇಳಲಿಲ್ಲ; ರಿಯಾಯಿತಿ ಕೇಳಿದಂತಾಗುತ್ತದೆ.

ಇಲಾಖೆಯ ಮೊಪೆಡ್ಡು ಹೊಟ್ಟೆಪಾಡಿಗೆ.
ನನ್ನದೇ ಒಂದಿತ್ತು, ಕೆಂಪು, ಭಾನುವಾರಗಳಿಗೆ.
ಅದನ್ನು ಮಾರಿ ಬಟ್ಟೆ ಒಗೆಯುವ ಯಂತ್ರ ತಂದೆ.
ಅವಳಿ ಕೂಸುಗಳು, ಚಳಿಗಾಲ,
ಬೇರೆ ಲೆಕ್ಕ ಯಾವುದೂ ಕೂಡಿಬರಲಿಲ್ಲ.
ಯಂತ್ರ ಕೊನೆಯ ಸುತ್ತಿಗೆ ಗಿರ್ರೆನ್ನುವಾಗ
ಅದರ ನೆತ್ತಿಯ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದೆ.
ಯಾರಾದರೂ ಬಂದರೆ ಸಾಬೂನು ಹುಡುಕುತ್ತಿದ್ದೆ.

ಆರಾಮವಾಗಿರುವುದು ಬೇಕಪ್ಪ, ಎಂದೆ.
ಆರಾಮ ಅಂದರೆ ಸೋಫಾ ಅಂದುಕೊಂಡ, ಪಾಪ.
ದಪ್ಪದ್ದೊಂದರ ಮೇಲೆ ಕೂರಿಸಿದ:
ಕಾಲು ಮುಂದಕ್ಕೆ ಚಾಚಿ, ಕೈ ಮೇಲಕ್ಕೆತ್ತಿ
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕಾದಂತೆ.
ಐದೇ ನಿಮಿಷಕ್ಕೆ ಬೆನ್ನಿನ ಬುಡದಲ್ಲಿ
ಹಳೆಯ ಬಾಡಿಗೆದಾರ ಎದ್ದು ಬಾಗಿಲು ಬಡಿದ.

ಇನ್ನೊಂದು ಹಳದಿ, ಕಡಜದಂಥದು.
ಹೊಟ್ಟೆ ಟ್ಯಾಂಕಿನ ಮೇಲೆ, ಭಾರವೆಲ್ಲ ಮಣಿಕಟ್ಟಿಗೆ.
ಕಾಗದ ವಿಂಗಡಿಸಿ ಸವೆದ ಮಣಿಕಟ್ಟು ಕೇಳಿತು:
ಯಾವ ತಪ್ಪಿಗೆ ಇದು?

ಮೂರನೆಯದು ಮರುಭೂಮಿ ದಾಟುವಷ್ಟು ಎತ್ತರ.
ನಾನು ದಾಟಬೇಕಾದ್ದು ಬೊವೆಟ್ಸ್‌ನ ಬೇಕರಿಯವರೆಗೆ.

ಕಡೆಗೆ, ಮೂಲೆಯಲ್ಲಿ, ಯಾರೂ ಒರೆಸದ ಬೂದು ಬಣ್ಣದ್ದು.
ಸೀಟು ತಗ್ಗು. ಎರಡೂ ಹಿಮ್ಮಡಿ ಪೂರ್ತಿ ನೆಲಕ್ಕೆ.
ಹ್ಯಾಂಡಲ್ ತಾನಾಗಿ ಕೈಗೆ ಬಂತು,
ಸಂತೆಯಿಂದ ಮರಳುವಾಗ ಗುರುತಿನವರು
ಚೀಲದ ಒಂದು ಕಿವಿ ಹಿಡಿದುಕೊಂಡ ಹಾಗೆ.
ಮಂಡಿ ತನಗೆ ಒಪ್ಪುವಷ್ಟೇ ಬಾಗಿತು.
ಅರ್ಧ ಗಂಟೆ ಕೂತೆ.
ಟಿಲೆನ್ ಎರಡು ಸಲ ಕಾಫಿ ಕುಡಿದ.

ಇದೇನಾ ಹಾಗಾದರೆ?
ತಡಿ. ಇದನ್ನು ಮಲಗಿಸು.
ಮಲಗಿಸುವುದು?
ನೆಲಕ್ಕೆ. ಪಕ್ಕಕ್ಕೆ. ಬಿದ್ದ ಹಾಗೆ.

ಮುಖ ಬಿಳಿಚಿಕೊಂಡಿತು: ಹೊಸ ಗಾಡಿ, ಗೀರು, ಯಜಮಾನರು.
ಚೀಲದಿಂದ ರಜಾಯಿ ತೆಗೆದೆ,
ಅವಳಿಗಳು ಸರದಿಯ ಮೇಲೆ ಒದ್ದೆ ಮಾಡಿದ್ದು,
ಆ ಯಂತ್ರ ಸಾವಿರ ಸಲ ಒಗೆದದ್ದು.
ಹಾಸಿದೆವು. ಜ್ವರದ ಮಗುವನ್ನು ಮಲಗಿಸುವಂತೆ
ಇಬ್ಬರೂ ಸೇರಿ ಮೆಲ್ಲಗೆ ಒರಗಿಸಿದೆವು.

ಟ್ರೆಂಟಾದ ತಿರುವಿನಲ್ಲಿ, ಆ ಕೆಂಪು ಗಾಡಿಯ ಕಾಲದಲ್ಲಿ,
ಜಲ್ಲಿಯ ಮೇಲೆ ಜಾರಿದ್ದೆ. ಪೆಟ್ಟೇನಿಲ್ಲ.
ಎತ್ತಲಾಗಲಿಲ್ಲ, ಅಷ್ಟೆ.
ಪೆಟ್ರೋಲು ತೊಟ್ಟಿಕ್ಕುವುದನ್ನು ನೋಡುತ್ತ ಕೂತೆ
ಕುರಿಯವನೊಬ್ಬ ಬರುವವರೆಗೆ.
ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿ ಹೋದ. ಏನೂ ಅನ್ನಲಿಲ್ಲ.
ಆ ಏನೂ ಅನ್ನದ್ದು
ಇವತ್ತಿಗೂ ಕಿವಿಯಲ್ಲಿದೆ.

ಗಾಡಿಗೆ ಬೆನ್ನು ಕೊಟ್ಟು ಕುಕ್ಕರಿಸಿದೆ.
ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಕಂಬಿಗೆ.
ಮೊದಲ ಸಲ ಆಗಲಿಲ್ಲ. ಅವನು ಕೈ ಚಾಚಿದ.
ಬೇಡ.
ಎರಡನೆಯ ಸಲ ತೊಡೆಗಳು ನಡುಗಿದವು,
ರಜಾಯಿ ಜಾರಿತು, ಬಾಯಲ್ಲಿ ಬರಬಾರದ ಮಾತು ಬಂತು.
ಮೂರನೆಯ ಸಲ ಹಿಂದಕ್ಕೆ ಹಿಂದಕ್ಕೆ
ಸಣ್ಣ ಸಣ್ಣ ಹೆಜ್ಜೆಯಿಟ್ಟು ಒತ್ತಿದೆ.
ಎದ್ದು ನಿಂತಿತು.
ನಿಂತದ್ದೇ ಆ ಬದಿಗೆ ವಾಲಿತು!
ಇಪ್ಪತ್ತೆಂಟು ವರ್ಷ;
ಸ್ಟ್ಯಾಂಡ್ ಇಳಿಸುವುದು ಮರೆತೇಹೋಗಿತ್ತು.

ಟಿಲೆನ್ ಆ ಬದಿಯಿಂದ ಆತುಕೊಂಡ.
ನಡುವೆ ಗಾಡಿ, ಇಬ್ಬರಿಗೂ ಏದುಸಿರು.
ಅವನೂ ಏನೂ ಅನ್ನಲಿಲ್ಲ.
ಆಮೇಲೆ ಇಬ್ಬರಿಗೂ ನಗು ತಡೆಯಲಿಲ್ಲ.

ರಸೀದಿ ಬರೆಯುವಾಗ ಪಿನ್‌ಕೋಡ್ ಕೇಳಿದ.
ಈ ಕಣಿವೆಯವೆಲ್ಲ ನಾಲಿಗೆಯ ತುದಿಯಲ್ಲಿವೆ.
ನನ್ನ ಮನೆಯದು ನೆನಪಾಗಲು
ಒಂದು ಗಳಿಗೆ ಹಿಡಿಯಿತು.